ಮಡಿಕೇರಿ ಮಳೆಯಲ್ಲಿ ವ್ಯಾನ್ ಗೋ: ಊರವರೆಲ್ಲ ಕೂತು ದೊಡ್ಡ ಕಲಾವಿದರ ಚಿತ್ರ ನಕಲು ಮಾಡುವ ಬಗೆ

ಮೊದಲ ಸಲ ನಾನು ಮಾಡಿದ ಎರಡು ತಪ್ಪುಗಳನ್ನು ಮೊದಲೇ ಹೇಳಿಬಿಡುತ್ತೇನೆ.

ಒಂದು, ಅಳತೆ ನೋಡದೆ ಬೋರ್ಡ್ ತಂದೆ. ವ್ಯಾನ್ ಗೋ ಅವರ ‘ಸ್ಟಾರಿ ನೈಟ್’ ಮಾಡೋಣ ಅಂತ ಹನ್ನೆರಡು ಜನರಿಗೆ 12×16 ಇಂಚಿನ ಕ್ಯಾನ್ವಾಸ್ ಬೋರ್ಡ್ ಹಂಚಿದೆ. ಚೌಕ ಎಳೆಯಲು ಕೂತಾಗ ಚಿತ್ರ ಬೋರ್ಡಿಗೆ ಕೂರುತ್ತಲೇ ಇಲ್ಲ. ಕೆಲವರಿಗೆ ಕೆಳಗಿನ ಊರು ಅರ್ಧ ಹೋಯಿತು. ಎಳೆದು ಕೂರಿಸಿದವರ ತೆಳ್ಳಗೆ ಎತ್ತರದ ಸೈಪ್ರೆಸ್ ಮರ ಹಲಸಿನ ಮರದಷ್ಟು ಅಗಲವಾಯಿತು.

ಎರಡು, ಅದು ಜುಲೈ ತಿಂಗಳು. ಸಂಜೆ ಬೋರ್ಡುಗಳ ನಡುವೆ ಪೇಪರ್ ಇಟ್ಟು, ಒಂದರ ಮೇಲೊಂದು ಪೇರಿಸಿ, ಜೀಪಿನ ಹಿಂದೆ ಹಾಕಿಕೊಂಡು ಬಂದೆ. ಮುಟ್ಟಿ ನೋಡಿದರೆ ಒಣಗಿದಂತೆಯೇ ಇತ್ತು. ಬೆಳಗ್ಗೆ ಬಿಡಿಸಿದರೆ ಒಂದು ಆಕಾಶದಲ್ಲಿ ನಕ್ಷತ್ರಗಳ ಜೊತೆ ಯಾರದೋ ಶ್ರದ್ಧಾಂಜಲಿ ಜಾಹೀರಾತೂ ಉಲ್ಟಾ ಅಂಟಿತ್ತು.

ಆಮೇಲೆ ಇಂಥ ಕಾರ್ಯಾಗಾರಗಳನ್ನು ಹಲವು ಸಲ ಮಾಡಿದ್ದೇನೆ. ನಿಮ್ಮ ಊರಿನಲ್ಲೂ ಮಾಡುವ ಆಸೆ ಇದ್ದರೆ ಹೀಗೆ ಮಾಡಿ. ಚಿತ್ರಕಲೆ ಕಲಿತವರೇ ಆಗಬೇಕಿಲ್ಲ. ಆದರೆ ಹೇಳಿಕೊಡುವವರು ಆ ಚಿತ್ರವನ್ನು ಮನೆಯಲ್ಲಿ ಒಮ್ಮೆಯಾದರೂ ಪೂರ್ತಿ ಬರೆದಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ನಕಲು ಅಂದರೆ ಕಳ್ಳತನವಾ?

ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ 1793ರಲ್ಲಿ ತೆರೆಯಿತು. ಆಗಿನಿಂದಲೂ ಅಲ್ಲಿ ಗೋಡೆಯ ಚಿತ್ರದ ಮುಂದೆಯೇ ಸ್ಟ್ಯಾಂಡ್ ಹಾಕಿಕೊಂಡು ನಕಲು ಮಾಡುವವರಿದ್ದಾರೆ. ಅಲ್ಲಿನ ನಿಯಮ ಚೆನ್ನಾಗಿದೆ. ನಿಮ್ಮ ನಕಲು ಮೂಲ ಚಿತ್ರಕ್ಕಿಂತ ಐದನೇ ಒಂದು ಭಾಗದಷ್ಟಾದರೂ ಚಿಕ್ಕದಿರಬೇಕು, ಇಲ್ಲವೇ ದೊಡ್ಡದಿರಬೇಕು. ಮೂಲ ಕಲಾವಿದರ ಸಹಿ ಹಾಕುವಂತಿಲ್ಲ. ಈ ಎರಡನ್ನೂ ನಾವೂ ಪಾಲಿಸುತ್ತೇವೆ.

ವ್ಯಾನ್ ಗೋ ಅವರೇ ನಕಲು ಮಾಡಿದವರು. 1889-90ರಲ್ಲಿ ಸೇಂಟ್ ರೆಮಿಯ ಆಸ್ಪತ್ರೆಯಲ್ಲಿದ್ದಾಗ, ಮಿಲೆ ಎಂಬ ಹಿರಿಯ ಕಲಾವಿದರ ಸುಮಾರು ಇಪ್ಪತ್ತು ಚಿತ್ರಗಳನ್ನು ಕಪ್ಪು-ಬಿಳುಪು ಪ್ರಿಂಟ್ ನೋಡಿ ಬರೆದರು. ಬಣ್ಣ ಮಾತ್ರ ಅವರದೇ. ಬೇರೆಯವರ ಸಂಗೀತವನ್ನು ವಾದ್ಯಗಾರ ತನ್ನ ಕೈಯಲ್ಲಿ ನುಡಿಸುವ ಹಾಗೆ ಇದು ಅನ್ನುವುದು ಅವರ ಲೆಕ್ಕ. ನಮ್ಮಲ್ಲಿ ವಾಲಗ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಡು ಅದೇ, ಆದರೆ ಒಬ್ಬೊಬ್ಬರ ಕೈ ಬೇರೆ ಅಲ್ವಾ?

ಕಾನೂನಿನ ಮಾತೂ ಒಂದಿದೆ. ಭಾರತದಲ್ಲಿ ಕಲಾವಿದರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ವ್ಯಾನ್ ಗೋ (1890), ರವಿವರ್ಮ (1906), ಫ್ರಾನ್ಸಿನ ಮೊನೆ (1926) ಇವರ ಚಿತ್ರಗಳಿಗೆ ತೊಂದರೆ ಇಲ್ಲ. ಪಿಕಾಸೊ 1973ರಲ್ಲಿ ತೀರಿಕೊಂಡರು, ನಮ್ಮ ಕೆ.ಕೆ. ಹೆಬ್ಬಾರ್ 1996ರಲ್ಲಿ. ಇವರ ಚಿತ್ರಗಳನ್ನು ಮಾರಾಟ, ಶುಲ್ಕದ ಕಾರ್ಯಾಗಾರ ಇಂಥದ್ದಕ್ಕೆ ಇಟ್ಟುಕೊಳ್ಳಬೇಡಿ.

ಯಾವಾಗ, ಎಲ್ಲಿ

ಡಿಸೆಂಬರಿನಿಂದ ಮಾರ್ಚ್‌ವರೆಗೆ ಕೊಡಗಿನಲ್ಲಿ ಯಾರನ್ನೂ ಕರೆಯಬೇಡಿ. ಅರೇಬಿಕಾ ಕಾಫಿ ಮುಗಿಯುವಷ್ಟರಲ್ಲಿ ರೋಬಸ್ಟಾ ಕೊಯ್ಲು. ಹುತ್ತರಿ ಸುಗ್ಗಿ ಹಬ್ಬ, ಮದುವೆ, ಕಣದಲ್ಲಿ ಕಾಫಿ ಒಣಗಿಸುವುದು ಎಲ್ಲ ಒಟ್ಟಿಗೆ ಬರುತ್ತವೆ. ಭಾನುವಾರವೂ ಯಾರೂ ಸಿಗುವುದಿಲ್ಲ.

ಜನ ಸಿಗುವುದು ಮಳೆಗಾಲದಲ್ಲಿ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಹೊರಗೆ ಹೋಗಲು ಆಗದೆ ಮನೆಯಲ್ಲಿ ಕೂತು ಬೇಜಾರಾದವರು ಖುಷಿಯಿಂದ ಬರುತ್ತಾರೆ. ಬಣ್ಣ ಒಣಗುವುದಿಲ್ಲ ಅನ್ನುವುದೊಂದೇ ಕಷ್ಟ. ಏಪ್ರಿಲ್-ಮೇ ತಿಂಗಳಲ್ಲಿ ಬಣ್ಣ ಬೇಗ ಒಣಗುತ್ತದೆ, ಮಕ್ಕಳಿಗೂ ರಜೆ. ಮೊದಲ ಸಲ ಮಾಡುವವರು ಬೇಸಿಗೆಯಲ್ಲೇ ಶುರು ಮಾಡಿ.

ಜಾಗಕ್ಕೆ ಸಮುದಾಯ ಭವನ, ಸಮಾಜದ ಹಾಲ್, ಶಾಲೆ ಯಾವುದಾದರೂ ಆಗುತ್ತದೆ. ಕಿಟಕಿ ದೊಡ್ಡದಿರಬೇಕು. ಮಳೆಗಾಲದಲ್ಲಿ ಮಧ್ಯಾಹ್ನ ಮೂರಕ್ಕೇ ಕತ್ತಲಾಗುತ್ತದೆ, ಕರೆಂಟು ಯಾವಾಗ ಹೋಗುತ್ತದೋ ಗೊತ್ತಿಲ್ಲ. ಹಳದಿ ಬಲ್ಬಿನ ಬೆಳಕಿನಲ್ಲಿ ಬಣ್ಣ ಕಲಸಿದರೆ ಮನೆಗೆ ಹೋಗಿ ನೋಡುವಾಗ ಬೇರೆಯೇ ಕಾಣುತ್ತದೆ. ಬಿಳಿ ಬೆಳಕಿನ ಎಲ್‌ಇಡಿ ದೀಪ, ಇನ್ವರ್ಟರ್ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಬೆಳಗ್ಗೆ ಒಂಬತ್ತೂವರೆಗೆ ಶುರು ಮಾಡಿದರೆ ಅರ್ಧ ಚಿಂತೆ ಇಲ್ಲ.

ಹೇಳಿಕೊಡುವವರು ಒಬ್ಬರಿದ್ದರೆ ಹನ್ನೆರಡು ಜನ ಸಾಕು. ಹದಿನೈದು ದಾಟಿದರೆ ಹಿಂದಿನ ಸಾಲಿನವರು ಮೊಬೈಲ್ ನೋಡುತ್ತಾ ಕೂರುತ್ತಾರೆ.

ಚಿತ್ರ ಆರಿಸುವುದು

ಎಲ್ಲರೂ ಒಂದೇ ಚಿತ್ರ ಮಾಡಿ. ‘ನಿಮಗಿಷ್ಟವಾದದ್ದು ತನ್ನಿ’ ಅಂದರೆ ಒಬ್ಬರು ಮೊನಾಲಿಸಾ ತರುತ್ತಾರೆ, ಇನ್ನೊಬ್ಬರು ದೇವರ ಕ್ಯಾಲೆಂಡರ್. ನೀವು ಮೇಜಿನಿಂದ ಮೇಜಿಗೆ ಓಡಬೇಕಾಗುತ್ತದೆ. ಮನುಷ್ಯರ ಮುಖ ಮೊದಲ ಸಲಕ್ಕೆ ಬೇಡವೇ ಬೇಡ. ಬೆಟ್ಟ ಅರ್ಧ ಇಂಚು ಆಚೆ ಹೋದರೂ ಬೆಟ್ಟವೇ. ಕಣ್ಣು ಅರ್ಧ ಇಂಚು ಆಚೆ ಹೋದರೆ ಮನೆಯವರೆಲ್ಲ ನಗುತ್ತಾರೆ.

ನಾನು ಶುರು ಮಾಡಿಸುವುದು ಈ ಮೂರರಲ್ಲಿ ಒಂದರಿಂದ.

ಮಕ್ಕಳಿದ್ದರೆ ಹೊಕುಸಾಯಿ ಅವರ ‘ದೊಡ್ಡ ಅಲೆ’. ಸುಮಾರು 1831ರ ಜಪಾನಿನ ಮರದಚ್ಚಿನ ಚಿತ್ರ. ಗೆರೆ ಸ್ಪಷ್ಟ, ಬಣ್ಣ ಕಡಿಮೆ.

ದೊಡ್ಡವರಿಗೆ ವ್ಯಾನ್ ಗೋ. ದಪ್ಪ ಬಣ್ಣ, ಕಾಣುವ ಬ್ರಷ್ ಗುರುತು. ತಪ್ಪಿದರೂ ಚಿತ್ರ ಕೆಡುವುದಿಲ್ಲ. ‘ಸ್ಟಾರಿ ನೈಟ್’ ಎಲ್ಲರಿಗೂ ಗೊತ್ತು. ರಾತ್ರಿ ಬೇಡ ಅನ್ನುವವರಿಗೆ ಅದೇ 1889ರ ‘ಸೈಪ್ರೆಸ್ ಮರಗಳಿರುವ ಗೋಧಿ ಹೊಲ’ ಇದೆ.

ಮೂರನೆಯದು ಮೊನೆ ಅವರ ‘ಇಂಪ್ರೆಷನ್, ಸನ್‌ರೈಸ್’. 1872ರದು. ಮಂಜಿನ ಬಂದರು, ಕಿತ್ತಳೆ ಬಣ್ಣದ ಸೂರ್ಯ. ರಾಜಾಸೀಟಿನ ಕಟ್ಟೆಯ ಮೇಲೆ ಕೂತು ಮಂಜು ನೋಡಿ ಬೆಳೆದವರಿಗೆ ಇದು ಬೇಗ ಒಗ್ಗುತ್ತದೆ. ಇದನ್ನು ಮೊಬೈಲಿನಲ್ಲಿ ಕಪ್ಪು-ಬಿಳುಪು ಮಾಡಿ ನೋಡಿ. ಸೂರ್ಯ ಹೆಚ್ಚುಕಡಿಮೆ ಮಾಯವಾಗುತ್ತಾನೆ! ಸುತ್ತಲಿನ ಬೂದು ಆಕಾಶ ಎಷ್ಟು ತಿಳಿಯಾಗಿದೆಯೋ ಸೂರ್ಯನೂ ಅಷ್ಟೇ ತಿಳಿ. ಕಣ್ಣಿಗೆ ಹೊಳೆಯುವುದು ಬಣ್ಣದ ವ್ಯತ್ಯಾಸದಿಂದ ಮಾತ್ರ. ಸೂರ್ಯನಿಗೆ ಬಿಳಿ ಜಾಸ್ತಿ ಸುರಿದವರಿಗೆ ಇದನ್ನು ತೋರಿಸಿದರೆ ಸಾಕು, ಬೇರೆ ಪಾಠ ಬೇಡ.

ಕೈ ಪಳಗಿದ ಮೇಲೆ, ಮೂರನೆಯ ನಾಲ್ಕನೆಯ ಸಲಕ್ಕೆ, ನಮ್ಮದೇ ಒಂದು ಮುಖವಿದೆ. 1834ರಲ್ಲಿ ಬ್ರಿಟಿಷರು ಪಟ್ಟದಿಂದ ಇಳಿಸಿದ ಕೊಡಗಿನ ಅರಸ ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ. 1852ರಲ್ಲಿ ಲಂಡನ್ನಿನಲ್ಲಿ ಅವಳಿಗೆ ಕ್ರೈಸ್ತ ದೀಕ್ಷೆ ಆಯಿತು, ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ಯುರೋಪಿನ ರಾಜಮನೆತನಗಳ ಚಿತ್ರ ಬರೆಯುತ್ತಿದ್ದ ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದಿದ್ದಾರೆ. ಚಿತ್ರ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿದೆ. ಮಡಿಕೇರಿಯಲ್ಲಿ ಕೂತು ಅದನ್ನು ಬರೆಯುವುದೇ ಬೇರೆ. ಆದರೆ ಕಷ್ಟ. ಆ ರೇಷ್ಮೆಯ ಹೊಳಪು ನನಗೂ ಇನ್ನೂ ಬಂದಿಲ್ಲ.

ಅಸಲಿ ಚಿತ್ರ ಕಣ್ಣಾರೆ ನೋಡಬೇಕೆಂದರೆ ಮೈಸೂರಿನ ಜಗನ್ಮೋಹನ ಅರಮನೆ. ಹೋಗುವ ಮೊದಲು ತೆರೆದಿದೆಯೇ ವಿಚಾರಿಸಿ. ಅಲ್ಲಿ ರವಿವರ್ಮನ ಚಿತ್ರಗಳಿವೆ, ಹಳ್ದಣ್ಕರ್ ಬರೆದ ದೀಪ ಹಿಡಿದ ಹೆಂಗಸಿನ ಚಿತ್ರವಿದೆ. ಅದನ್ನೂ ರವಿವರ್ಮನದೇ ಅಂದುಕೊಂಡವರು ಬಹಳ. ಅದು ನೀರಿನ ಬಣ್ಣ ಅಂತ ಹೇಳಿದರೆ ನಂಬುವುದೇ ಇಲ್ಲ.

ಅಳತೆ: ಇಲ್ಲಿ ಐದು ನಿಮಿಷ ಲೆಕ್ಕ ಮಾಡಿ

‘ಸ್ಟಾರಿ ನೈಟ್’ 73.7×92.1 ಸೆಂಟಿಮೀಟರ್. ಅಂದರೆ ಎತ್ತರ ನಾಲ್ಕು ಪಾಲು ಇದ್ದರೆ ಅಗಲ ಐದು ಪಾಲು. 8×10 ಅಥವಾ 16×20 ಇಂಚಿನ ಬೋರ್ಡಿಗೆ ಸರಿಯಾಗಿ ಕೂರುತ್ತದೆ. ಮೊನೆ ಚಿತ್ರ 48×63, ಅದಕ್ಕೆ 12×16 ಹತ್ತಿರ. ‘ದೊಡ್ಡ ಅಲೆ’ಗೆ 8×12. ನಾನು ಮೊದಲ ಸಲ 12×16 ತಂದಿದ್ದು ಯಾಕೆ ಕೆಟ್ಟಿತು ಅಂತ ಈಗ ಗೊತ್ತಾಯಿತಲ್ಲ.

ಒಂದು ದಿನದ ಕಾರ್ಯಾಗಾರಕ್ಕೆ 8×10 ಸಾಕು. 16×20 ನೋಡಲು ಚೆಂದ, ಆದರೆ ಎರಡು ಭಾನುವಾರ ಬೇಕು.

ಪ್ರಿಂಟ್ ತೆಗೆಸುವಾಗ ಎ4 ಹಾಳೆಯ ಮೇಲೆ ಚಿತ್ರ 6×7.5 ಇಂಚು ಬರುವಂತೆ ಹೇಳಿ. ಅದರ ಮೇಲೆ ಒಂದೂವರೆ ಇಂಚಿನ ಚೌಕ ಎಳೆದರೆ ನಾಲ್ಕು ಅಡ್ಡಸಾಲು, ಐದು ಉದ್ದಸಾಲು ಸರಿಯಾಗಿ ಬರುತ್ತವೆ. ಬೋರ್ಡಿನ ಮೇಲೆ ಎರಡು ಇಂಚಿನ ಚೌಕ. ಹೊಳೆಯುವ ಹಾಳೆ ಬೇಡ, ಬೆಳಕು ಬಿದ್ದರೆ ಏನೂ ಕಾಣುವುದಿಲ್ಲ. ಎಲ್ಲರಿಗೂ ಒಂದೇ ಅಂಗಡಿಯಲ್ಲಿ, ಒಂದೇ ದಿನ ತೆಗೆಸಿ. ಇಲ್ಲದಿದ್ದರೆ ಒಬ್ಬರ ಆಕಾಶ ನೀಲಿ, ಇನ್ನೊಬ್ಬರದು ಹಸಿರು.

ಒಳ್ಳೆಯ ಗುಣಮಟ್ಟದ ಫೋಟೊ ಬೇಕಾದರೆ ಮ್ಯೂಸಿಯಂಗಳ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ಹಕ್ಕುಸ್ವಾಮ್ಯ ಮುಗಿದ ಚಿತ್ರಗಳ ಫೋಟೊಗಳನ್ನು ಉಚಿತವಾಗಿ ಬಿಟ್ಟಿದೆ. ‘ದೊಡ್ಡ ಅಲೆ’, ‘ಗೋಧಿ ಹೊಲ’ ಎರಡೂ ಅಲ್ಲಿವೆ.

ಸಾಮಾನು

ಎಣ್ಣೆ ಬಣ್ಣ ಬೇಡ, ವಾಸನೆ, ಒಣಗಲು ದಿನಗಟ್ಟಲೆ. ನೀರಿನಲ್ಲಿ ಕಲಸುವ ಅಕ್ರಿಲಿಕ್ ತನ್ನಿ. ಬಿಳಿ, ಅಲ್ಟ್ರಾಮರೀನ್ ಬ್ಲೂ, ಪ್ರಷ್ಯನ್ ಬ್ಲೂ, ಲೆಮನ್ ಯೆಲ್ಲೋ, ಯೆಲ್ಲೋ ಓಕರ್, ಕ್ರಿಮ್ಸನ್, ಬರ್ನ್ಟ್ ಅಂಬರ್. ಏಳು ಸಾಕು. ಕಪ್ಪು ತರಬೇಡಿ. ಇದ್ದರೆ ಎಲ್ಲದಕ್ಕೂ ಅದನ್ನೇ ಹಾಕುತ್ತಾರೆ. ಅಲ್ಟ್ರಾಮರೀನ್‌ಗೆ ಅಂಬರ್ ಸೇರಿಸಿದರೆ ಕಪ್ಪಿನಂಥದ್ದು ಬರುತ್ತದೆ, ಅದೇ ಚೆಂದ.

ಹನ್ನೆರಡು 8×10 ಬೋರ್ಡಿಗೆ ಬಿಳಿ ಮತ್ತು ಅಲ್ಟ್ರಾಮರೀನ್ 120 ಎಂಎಲ್ ಒಂದೊಂದು, ಉಳಿದವು 40 ಎಂಎಲ್ ಟ್ಯೂಬ್. ಬಿಳಿ ಇನ್ನೊಂದು ಇಟ್ಟುಕೊಂಡಿರಿ, ಮೊದಲು ಮುಗಿಯುವುದು ಅದೇ. ಪ್ರಷ್ಯನ್ ಬ್ಲೂ ಮಾತ್ರ ನೀವೇ ಕೈಯಾರೆ ಹಂಚಿ, ಒಂದು ಅಕ್ಕಿಕಾಳಿನಷ್ಟು. ಹೊಕುಸಾಯಿ ಅಲೆಯ ನೀಲಿ ಇದೇ. ಬಹಳ ಜೋರು ಬಣ್ಣ, ಸ್ವಲ್ಪ ಜಾಸ್ತಿಯಾದರೆ ತಟ್ಟೆಯಲ್ಲಿದ್ದದ್ದನ್ನೆಲ್ಲ ನುಂಗುತ್ತದೆ.

ಒಬ್ಬರಿಗೆ ಮೂರು ಬ್ರಷ್: ಅರ್ಧ ಇಂಚಿನ ಚಪ್ಪಟೆ, 4ನೇ ನಂಬರಿನ ಗುಂಡು, 1ನೇ ನಂಬರಿನ ಸಣ್ಣದು. ಬಣ್ಣ ಕಲಸಲು ಅಡಿಕೆ ಹಾಳೆಯ ತಟ್ಟೆ ಬಳಸಿ ನೋಡಿದೆ, ಪರಿಸರಕ್ಕೆ ಒಳ್ಳೆಯದಲ್ವಾ ಅಂತ. ಅದು ನೀರು ಹೀರಿ ಬಣ್ಣ ಗಟ್ಟಿಯಾಯಿತು. ಹಳೆಯ ಸ್ಟೀಲ್ ತಟ್ಟೆಯೇ ಸರಿ. ಬಿಸಿನೀರಿನಲ್ಲಿ ನೆನೆಸಿಟ್ಟರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಆ ತಟ್ಟೆ ಮತ್ತೆ ಅಡುಗೆಮನೆಗೆ ಹೋಗಬಾರದು.

ಹಿಂದಿನ ದಿನವೇ ನೀವು ಮಾಡಬೇಕಾದ ಕೆಲಸ ಒಂದಿದೆ. ಓಕರ್‌ಗೆ ನೀರು ಜಾಸ್ತಿ ಸೇರಿಸಿ, ಎಲ್ಲ ಬೋರ್ಡಿಗೂ ತೆಳುವಾಗಿ ಬಳಿದು ಒಣಗಲು ಬಿಡಿ. ಬಿಳಿ ಬೋರ್ಡ್ ಕಂಡರೆ ಹೊಸಬರ ಕೈ ನಡುಗುತ್ತದೆ. ತಿಳಿ ಕಾಫಿ ಬಣ್ಣ ಇದ್ದರೆ ಧೈರ್ಯ. ಆಮೇಲೆ ನೀಲಿಯ ನಡುವೆ ಅಲ್ಲಲ್ಲಿ ಅದು ಇಣುಕಿದರೂ ಚೆಂದವೇ.

ಆ ದಿನ

ಮೊದಲ ಇಪ್ಪತ್ತು ನಿಮಿಷ ಬ್ರಷ್ ಕೊಡಬೇಡಿ. ಪ್ರಿಂಟ್ ಕೈಗೆ ಕೊಟ್ಟು ಸುಮ್ನೆ ನೋಡಲು ಹೇಳಿ. ನಕ್ಷತ್ರ ಎಷ್ಟು? ಬೆಳಕಿರುವ ಕಿಟಕಿ ಎಲ್ಲಿ? ‘ದೊಡ್ಡ ಅಲೆ’ಯಾದರೆ ಬೆಟ್ಟ ಎಲ್ಲಿದೆ ಅಂತ ಕೇಳಿ. ಫ್ಯೂಜಿ ಪರ್ವತವನ್ನೂ ಅಲೆ ಅಂದುಕೊಂಡವರೇ ಜಾಸ್ತಿ. ಮೂರು ದೋಣಿ ಇವೆ, ಅದರಲ್ಲಿ ಬಗ್ಗಿಕೊಂಡ ಜನರಿದ್ದಾರೆ ಅಂತ ಎಷ್ಟೋ ಹೊತ್ತಿನ ಮೇಲೆ ಯಾರೋ ಕೂಗುತ್ತಾರೆ. ಆಮೇಲೆ ಹಾಳೆ ತಲೆಕೆಳಗು ಮಾಡಿಸಿ. ಯಾವುದು ಹೆಚ್ಚು ಕಪ್ಪು, ಯಾವುದು ಹೆಚ್ಚು ಬಿಳಿ ಅನ್ನುವುದು ಆಗ ಬೇಗ ಕಾಣುತ್ತದೆ.

ಮುಂದೆ ಬಣ್ಣ ಕಲಸುವ ಅಭ್ಯಾಸ. ಇದಕ್ಕೆ ನಾನು ಒಂದು ಊರಿನ ಪಾಠ ಇಟ್ಟುಕೊಂಡಿದ್ದೇನೆ. ಆಗಸ್ಟ್ 3ಕ್ಕೆ, ಕಕ್ಕಡ ಹದಿನೆಂಟಕ್ಕೆ, ಮನೆಮನೆಯಲ್ಲಿ ಮದ್ದು ಸೊಪ್ಪಿನ ಪಾಯಸ ಮಾಡುತ್ತಾರಲ್ಲ. ಆ ನೇರಳೆ ಬಣ್ಣ ಕಲಸಿ ಅನ್ನುತ್ತೇನೆ. ಅಲ್ಟ್ರಾಮರೀನ್, ಕ್ರಿಮ್ಸನ್ ಮತ್ತು ಬಿಳಿ ಕೊಟ್ಟು ಸುಮ್ಮನಾಗುತ್ತೇನೆ. ಒಮ್ಮೆ ಒಬ್ಬ ಹುಡುಗಿ ಬಹಳ ತಿಳಿಯಾದ ನೇರಳೆ ಕಲಸಿದ್ದಳು. ಪಕ್ಕದಲ್ಲಿದ್ದ ಅಜ್ಜಿ ಬಗ್ಗಿ ನೋಡಿ, “ನಿಮ್ಮ ಮನೆಯಲ್ಲಿ ತೆಂಗಿನ ಹಾಲು ಜಾಸ್ತಿ ಹಾಕ್ತಾರಾ ಮಗಳೇ?” ಅಂದರು. ಅಜ್ಜಿಯದು ಹೆಚ್ಚುಕಡಿಮೆ ಕಪ್ಪು. ಅದೇ ಮೂರು ಟ್ಯೂಬಿನಿಂದ ಹನ್ನೆರಡು ತಟ್ಟೆಯಲ್ಲಿ ಹನ್ನೆರಡು ನೇರಳೆ. ಬಿಳಿ ಎಷ್ಟು, ನೀಲಿ ಎಷ್ಟು ಅನ್ನುವ ಮಾತು ತಾನಾಗಿಯೇ ಶುರುವಾಯಿತು. ಈ ನೇರಳೆ ಆಮೇಲೆ ಬೆಟ್ಟದ ನೆರಳಿಗೆ ಬೇಕಾಗುತ್ತದೆ, ಚೆಲ್ಲಬೇಡಿ.

ಈಗ ಚೌಕ. ಮೇಲೆ ಅ ಆ ಇ ಈ ಉ, ಪಕ್ಕದಲ್ಲಿ 1ರಿಂದ 4. ‘ಚಂದ್ರ ಉ-1ರಲ್ಲಿ’ ಅಂದರೆ ಎಲ್ಲರಿಗೂ ಗೊತ್ತಾಗಬೇಕು. ಸಿನಿಮಾ ಕಟೌಟ್ ಬರೆಯುತ್ತಿದ್ದವರೂ ಹೀಗೇ ಚೌಕ ಹಾಕಿ ದೊಡ್ಡದು ಮಾಡುತ್ತಿದ್ದರು. ಕುಶಾಲನಗರದ ಆಚೆ ಬೈಲುಕುಪ್ಪೆಯಲ್ಲಿ ಕಾಣುವ ಟಿಬೆಟನ್ ಥಾಂಕಾ ಚಿತ್ರಗಳಲ್ಲೂ ದೇವರ ಮೈ ಅಳತೆ ಗೆರೆಗಳ ಮೇಲೆಯೇ ಕೂರುವುದು. ಪೆನ್ಸಿಲ್ ಒತ್ತಿ ಎಳೆಯಬೇಡಿ. ಕಿಟಕಿ, ಬಾಗಿಲು ಯಾವುದನ್ನೂ ಈಗ ಬರೆಯುವುದು ಬೇಡ. ಬೆಟ್ಟದ ಗೆರೆ, ಮರದ ಹೊರಗೆರೆ, ದೊಡ್ಡ ಸುಳಿ, ಚಂದ್ರ. ಅಷ್ಟೇ.

ಇನ್ನೊಂದು ಕೆಲಸ, ಯಾರೂ ಬಿಡಬಾರದ್ದು. ಪ್ರಿಂಟ್ ಮೇಲೆ ಕೆಂಪು ಪೆನ್ನಿನಿಂದ ಬ್ರಷ್ ಓಡಿದ ದಿಕ್ಕಿಗೆ ಬಾಣ ಹಾಕಿಸಿ. ಆಕಾಶದಲ್ಲಿ ಗಾಳಿಯಂತೆ ಸುತ್ತಿ ಹೋಗುತ್ತದೆ, ಮರದಲ್ಲಿ ಬೆಂಕಿಯಂತೆ ಮೇಲಕ್ಕೆ ಏಳುತ್ತದೆ, ಬೆಟ್ಟದಲ್ಲಿ ಇಳಿಜಾರಿನ ಜೊತೆ ಹೊರಳುತ್ತದೆ. ಬಾಣ ಹಾಕಿದವರ ಆಕಾಶ ಚಲಿಸುತ್ತದೆ. ಹಾಕದವರ ಆಕಾಶ ಸುಣ್ಣ ಬಳಿದ ಗೋಡೆ.

ಬಣ್ಣ ಹಾಕುವ ಕ್ರಮ: ಮೊದಲು ಆಕಾಶದ ನಡುಬಣ್ಣದ ನೀಲಿ, ಚಪ್ಪಟೆ ಬ್ರಷ್ಷಿನಲ್ಲಿ, ತೆಳುವಾಗಿ. ಆಮೇಲೆ ಬೆಟ್ಟ, ಅದರ ಕೆಳಗೆ ಊರು. ಓಕರ್ ಸಂದಿಯಲ್ಲಿ ಕಂಡರೆ ಬಿಡಿ. ಊಟದ ಹೊತ್ತಿಗೆ ಬೋರ್ಡ್ ಪೂರ್ತಿ ಮುಚ್ಚಿರಬೇಕು, ಯಾವ ಮೂಲೆಯೂ ಚೆಂದ ಆಗಿರಬಾರದು. ಒಂದು ನಕ್ಷತ್ರ ಹಿಡಿದು ಒಂದು ಗಂಟೆ ತಿದ್ದುವವರು ಎಲ್ಲ ಕಡೆ ಇರುತ್ತಾರೆ. ಅವರ ಕೈಯಿಂದ ಸಣ್ಣ ಬ್ರಷ್ ಕಿತ್ತುಕೊಳ್ಳಿ.

ಬೋರ್ಡುಗಳನ್ನು ಗೋಡೆಗೆ ಒರಗಿಸಿ ಊಟಕ್ಕೆ ಹೋಗಿ. ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಇದ್ದರೆ ಇನ್ನೂ ಒಳ್ಳೆಯದು, ಯಾರಿಗೂ ಬೇಗ ಏಳುವ ಆತುರ ಇರುವುದಿಲ್ಲ, ಬಣ್ಣಕ್ಕೂ ಒಣಗಲು ಸಮಯ. ಬಂದ ಮೇಲೆ ಹತ್ತು ಅಡಿ ದೂರ ನಿಂತು ಎಲ್ಲವನ್ನೂ ಒಟ್ಟಿಗೆ ನೋಡಿಸಿ. ತನ್ನದರಲ್ಲಿ ಏನು ಕಡಿಮೆ ಅಂತ ಪ್ರತಿಯೊಬ್ಬರಿಗೂ ಆಗ ಗೊತ್ತಾಗುತ್ತದೆ, ನೀವು ಬಾಯಿ ಬಿಡಬೇಕಿಲ್ಲ.

ಮಧ್ಯಾಹ್ನ ದಪ್ಪ ಬಣ್ಣ. ಈಗ ನೀರು ಮುಟ್ಟಬೇಡಿ. ಬಾಣ ನೋಡುತ್ತಾ ಚಿಕ್ಕ ಚಿಕ್ಕ ಗೀಟು, ಒಂದರ ಪಕ್ಕ ಒಂದು. ಗೀಟುಗಳನ್ನು ಉಜ್ಜಿ ಬೆರೆಸಬಾರದು. ಆಕಾಶ ಆದ ಮೇಲೆ ಕಪ್ಪು ಮರ, ಕೊನೆಗೆ ಚಂದ್ರ ಮತ್ತು ನಕ್ಷತ್ರದ ಹಳದಿ. ಅಕ್ರಿಲಿಕ್ ಒಣಗಿದಾಗ ಒಂದು ಶೇಡ್ ಗಾಢವಾಗುತ್ತದೆ, ಅದಕ್ಕೆ ಹಳದಿಯನ್ನು ಸ್ವಲ್ಪ ತಿಳಿಯಾಗಿಯೇ ಹಾಕಿ. ನೀಲಿ ಹಸಿ ಇರುವಾಗ ಹಳದಿ ಹಾಕಿದರೆ ಹಸಿರಾಗುತ್ತದೆ. ಮಳೆಗಾಲದಲ್ಲಿ ಇದೇ ದೊಡ್ಡ ತಲೆನೋವು. ಕರೆಂಟು ಇದ್ದರೆ ಹೇರ್ ಡ್ರೈಯರ್, ಇಲ್ಲದಿದ್ದರೆ ಇನ್ನೊಂದು ಸುತ್ತು ಬೆಲ್ಲದ ಕಾಫಿ.

ಹೇಳಿಕೊಡುವವರಿಗೆ ಒಂದು ಮಾತು. ಬೇರೆಯವರ ಬೋರ್ಡ್ ಮುಟ್ಟಬೇಡಿ. “ಅಣ್ಣ, ಸ್ವಲ್ಪ ನೀವೇ ಸರಿಮಾಡಿಕೊಡಿ” ಅಂತ ಎಷ್ಟು ಬೇಡಿದರೂ ಬೇಡ. ಹಾಳೆಯ ತುಂಡಿನ ಮೇಲೆ ಮಾಡಿ ತೋರಿಸಿ. ನಾನು ಒಬ್ಬರ ಚಂದ್ರನನ್ನು ತಿದ್ದಿಕೊಟ್ಟಿದ್ದೆ. ಅವರು ಮನೆಗೆ ಬಂದವರಿಗೆಲ್ಲ ಚಿತ್ರ ತೋರಿಸುವಾಗ ‘ಚಂದ್ರ ನನ್ನದಲ್ಲ’ ಅಂತಲೇ ಹೇಳುತ್ತಾರಂತೆ.

ಬ್ರಷ್ಷನ್ನು ನೀರಿಗೆ ಅದ್ದುವ ಮೊದಲು ಹಳೆ ಬಟ್ಟೆಯಲ್ಲಿ ಒರೆಸಿ. ಬಣ್ಣದ ನೀರನ್ನು ತೋಡಿಗೆ, ಕಾಫಿ ಗಿಡದ ಬುಡಕ್ಕೆ ಚೆಲ್ಲಬೇಡಿ. ಇಲ್ಲಿನ ತೋಡುಗಳೆಲ್ಲ ಒಂದಲ್ಲ ಒಂದು ಹೊಳೆಗೆ ಸೇರುತ್ತವೆ, ಹೆಚ್ಚಿನವು ಕಾವೇರಿಗೆ. ಬಕೆಟಿನಲ್ಲಿ ಒಂದು ರಾತ್ರಿ ಬಿಡಿ. ತಳದಲ್ಲಿ ಕೂತದ್ದನ್ನು ಪೇಪರ್ ಮೇಲೆ ಒಣಗಿಸಿ ಕಸಕ್ಕೆ ಹಾಕಿ.

ಮನೆಗೆ ಒಯ್ಯುವುದು

ಬೋರ್ಡಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆಸಿ: ‘ವ್ಯಾನ್ ಗೋ ಅವರ ಸ್ಟಾರಿ ನೈಟ್ ನೋಡಿ ಬರೆದದ್ದು’, ತಮ್ಮ ಹೆಸರು, ಊರು, ತಾರೀಕು. ಮುಂದೆ ಬೇಕಾದರೆ ತಮ್ಮ ಸಹಿ ಮಾತ್ರ.

ಅದೇ ದಿನ ಒಯ್ಯುವವರು ಬಣ್ಣದ ಮೇಲೆ ಏನೂ ತಾಗದಂತೆ ಒಯ್ಯಲಿ. ಸ್ವೀಟ್ ಅಂಗಡಿಯ ದೊಡ್ಡ ಡಬ್ಬದ ತಳದಲ್ಲಿ ಅಂಟಿಸಿ ಮುಚ್ಚಳ ಹಾಕಿದರೆ 8×10 ಆರಾಮಾಗಿ ಹೋಗುತ್ತದೆ. ಪೇಪರ್ ಸುತ್ತಿದರೆ ಏನಾಗುತ್ತದೆ ಅಂತ ಆಗಲೇ ಹೇಳಿದೆ. ವಾರ್ನಿಷ್ ಹಚ್ಚುವ ಆಸೆ ಇದ್ದರೆ ಮಳೆ ಬಿಡುವ ತನಕ ಕಾಯಿರಿ, ಒದ್ದೆ ಗಾಳಿಯಲ್ಲಿ ಹಚ್ಚಿದರೆ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ.

ತೂಗುಹಾಕುವಾಗ ಮಳೆ ಹೊಡೆಯುವ ಕಡೆಯ ಗೋಡೆ ಬೇಡ. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬಾಟಲಿಯ ಬಿರಡೆಯ ತುಂಡು ಅಂಟಿಸಿ, ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿ ಆಡಲಿ. ಅಷ್ಟಾದರೂ ಸೆಪ್ಟೆಂಬರ್ ಹೊತ್ತಿಗೆ ಹಿಂಬದಿಯಲ್ಲಿ ಸ್ವಲ್ಪ ಬೂಷ್ಟು ಬಂದೇ ಬರುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಒಂದು ಗಂಟೆ ಬಿಸಿಲಿಗೆ ಬೆನ್ನು ಮಾಡಿ ಇಡಿ. ಬಿಸಿಲು ಬಂದರೆ.